ಮೂರು ಸಾಲಿನ ಗಾಡಿ ಆರಿಸುವಾಗ ನಾನು ಹಿಂದಿನ ಸೀಟಿನಿಂದ ಶುರು ಮಾಡಿದೆ

ಏಳು ಜನ ಕೂರುವ ಗಾಡಿ ಬೇಕು ಅಂತ ಮನೆಯಲ್ಲಿ ತೀರ್ಮಾನವಾದ ಮೇಲೆ ನಾನು ಒಂದು ನಿಯಮ ಮಾಡಿಕೊಂಡೆ. ಯಾವ ಗಾಡಿ ನೋಡಲು ಹೋದರೂ ಮೊದಲು ಮೂರನೇ ಸಾಲಿನಲ್ಲಿ ಕೂರುವುದು. ಡ್ರೈವರ್ ಸೀಟು ಕೊನೆಗೆ. ಮುಂದಿನ ಸೀಟು ಸಾಮಾನ್ಯವಾಗಿ ಎಲ್ಲ ಗಾಡಿಯಲ್ಲೂ ಚೆನ್ನಾಗಿಯೇ ಇರುತ್ತದೆ. ಇಷ್ಟು ಉದ್ದದ ಗಾಡಿ ತಗೊಳ್ಳುವುದೇ ಹಿಂದಿನ ಸಾಲಿಗಾಗಿ, ಅಲ್ವಾ?

ಕೈಯಲ್ಲಿ ಅಳತೆ ಟೇಪು, ಜೊತೆಗೆ ಮನೆಯವರು. ಮಂಡಿ ನೋವಿರುವ ಅಮ್ಮ, ಆರಡಿ ಎತ್ತರದ ತಮ್ಮ, ಇನ್ನೂ ಚೈಲ್ಡ್ ಸೀಟಿನಲ್ಲಿ ಕೂರುವ ಮಗಳು. ಇವರಷ್ಟು ಒಳ್ಳೆಯ ಪರೀಕ್ಷೆ ಬೇರೆ ಇರಲಿಲ್ಲ.

ಮೊಣಕಾಲಿನ ಮುಂದೆ ಎಷ್ಟು ಜಾಗ ಇದೆ ಅಂತ ಎಲ್ಲರೂ ನೋಡುತ್ತಾರೆ. ನಾನು ಅದಕ್ಕೂ ಮೊದಲು ಗಾಡಿಯೊಳಗಿನ ನೆಲದಿಂದ ಸೀಟಿನ ಅಂಚಿನವರೆಗೆ ಎಷ್ಟು ಎತ್ತರ ಇದೆ ಅಂತ ಅಳೆಯುತ್ತಿದ್ದೆ. ನನ್ನ ಮಟ್ಟಿಗೆ ಮೂರನೇ ಸಾಲಿನ ಸುಖ ನಿಂತಿರುವುದು ಈ ಒಂದು ಅಳತೆಯ ಮೇಲೆ. ಆ ಸಾಲಿನ ಕೆಳಗೆ ಹಿಂದಿನ ಆಕ್ಸಲ್, ಸಸ್ಪೆನ್ಶನ್ ಇರುತ್ತವೆ. ಅದಕ್ಕೆ ಅಲ್ಲಿ ನೆಲ ಮೇಲಕ್ಕೆ ಬರುತ್ತದೆ. ಚಾವಣಿಯೋ, ಹಿಂದೆ ಹೋದಂತೆ ಇಳಿಯುತ್ತದೆ. ತಲೆ ತಾಗಬಾರದು ಅಂತ ಸೀಟನ್ನು ತಗ್ಗಿಸುತ್ತಾರೆ. ಆಗ ಕೂತವರ ಮೊಣಕಾಲು ಎದೆಯ ಕಡೆ ಏರುತ್ತದೆ, ತೊಡೆ ಸೀಟಿನಿಂದ ಮೇಲೇಳುತ್ತದೆ, ಭಾರವೆಲ್ಲ ಬೆನ್ನಿನ ಬುಡಕ್ಕೆ ಬೀಳುತ್ತದೆ. ಐದು ನಿಮಿಷ ಕೂತರೆ ಇದು ಗೊತ್ತಾಗುವುದಿಲ್ಲ. ಹಾಗಾಗಿ ನಾವು ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಸುಮ್ನೆ ಕೂತಿರುತ್ತಿದ್ದೆವು.

ಮನೆಯ ಮಾಮೂಲಿ ಕುರ್ಚಿ ಸುಮಾರು 45 ಸೆಂಟಿಮೀಟರ್ ಎತ್ತರ ಇರುತ್ತದೆ. ಕಾರಿನಲ್ಲಿ ಅಷ್ಟು ಬೇಕಿಲ್ಲ, ಕಾಲನ್ನು ಸ್ವಲ್ಪ ಮುಂದೆ ಚಾಚಿರುತ್ತೇವೆ. ನನ್ನ ಲೆಕ್ಕದಲ್ಲಿ ಮೂರನೇ ಸಾಲಿನಲ್ಲಿ 30 ಸೆಂಟಿಮೀಟರ್ ಸಿಕ್ಕರೆ ದೊಡ್ಡವರು ದೂರ ಹೋಗಬಹುದು. 25ರ ಹತ್ತಿರ ಬಂದರೆ ಅದು ಮಕ್ಕಳ ಸೀಟು.

ಈ ವಿಷಯದಲ್ಲಿ ಗಾಡಿಯ ಅಡಿಪಾಯಕ್ಕೆ ದೊಡ್ಡ ಪಾತ್ರ ಇದೆ. ಟೊಯೋಟಾ ಇನ್ನೋವಾವನ್ನೇ ನೋಡಿ. ಅದರಲ್ಲಿ ಕ್ರಿಸ್ಟಾ ಅನ್ನುವ ಮಾದರಿಯದ್ದು ಲ್ಯಾಡರ್ ಫ್ರೇಮ್, ಅಂದರೆ ಏಣಿಯಂಥ ಉಕ್ಕಿನ ಚೌಕಟ್ಟಿನ ಮೇಲೆ ಬಾಡಿ ಕೂರಿಸಿರುತ್ತಾರೆ. ಎಂಜಿನ್ ಓಡಿಸುವುದು ಹಿಂದಿನ ಚಕ್ರಗಳನ್ನು, ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ) 2750 ಮಿಲಿಮೀಟರ್. 2022ರಲ್ಲಿ ತೋರಿಸಿದ ಇನ್ನೋವಾ ಹೈಕ್ರಾಸ್ ಮೊನೊಕಾಕ್, ಅಂದರೆ ಬೇರೆ ಫ್ರೇಮ್ ಇಲ್ಲದೆ ಬಾಡಿಯೇ ಚೌಕಟ್ಟು. ಓಡುವುದು ಮುಂದಿನ ಚಕ್ರಗಳಿಂದ, ವೀಲ್‌ಬೇಸ್ 2850. ಫ್ರೇಮೂ ಇಲ್ಲ, ಹಿಂದಕ್ಕೆ ಹೋಗುವ ಶಾಫ್ಟೂ ಇಲ್ಲ ಅಂದಾಗ ನೆಲವನ್ನು ತಗ್ಗಿಸಲು ಅವಕಾಶ ಸಿಗುತ್ತದೆ. ಹೊರಗಿನಿಂದ ದೈತ್ಯನ ಹಾಗೆ ಕಾಣುವ ಎಸ್‌ಯುವಿಗಿಂತ ವ್ಯಾನ್ ಆಕಾರದ ಗಾಡಿಯಲ್ಲಿ ಹಿಂದಿನ ಸಾಲು ಹೆಚ್ಚಾಗಿ ಚೆನ್ನಾಗಿರುವುದು ಇದೇ ಕಾರಣಕ್ಕೆ. ಉದ್ದನೆಯ ಬಾನೆಟ್, ಎತ್ತರದ ನೆಲ ಎರಡೂ ಜನ ಕೂರುವ ಜಾಗವನ್ನೇ ತಿನ್ನುತ್ತವೆ.

ಮೊಣಕಾಲಿನ ಜಾಗದ ಲೆಕ್ಕಕ್ಕೆ ಎಲ್ಲರೂ ಒಟ್ಟಿಗೇ ಕೂರಬೇಕು. ಎರಡನೇ ಸಾಲು ಹಿಂದೆ ಮುಂದೆ ಜರುಗುವ ಗಾಡಿಯಲ್ಲಿ ಒಂದೊಂದೇ ಸಾಲು ನೋಡಿದರೆ ಎಲ್ಲ ಕಡೆಯೂ ಧಾರಾಳ ಅನ್ನಿಸುತ್ತದೆ. ನಾನು ತಮ್ಮನನ್ನು ಮೂರನೇ ಸಾಲಿನಲ್ಲಿ ಕೂರಿಸಿ, ಅವನ ಮಂಡಿಗೂ ಮುಂದಿನ ಸೀಟಿಗೂ ನಡುವೆ ಒಂದು ಮುಷ್ಟಿ ಜಾಗ ಬಿಟ್ಟು ಎರಡನೇ ಸಾಲನ್ನು ನಿಲ್ಲಿಸುತ್ತಿದ್ದೆ. ಆಮೇಲೆ ಅಲ್ಲಿ ಅಮ್ಮ. ಅಮ್ಮನ ಕಾಲಿಗೆ ಜಾಗ ಬಿಟ್ಟು ಮುಂದಿನ ಸೀಟು. ಕೊನೆಗೆ ನಾನು ಸ್ಟಿಯರಿಂಗ್ ಹಿಂದೆ ಕೂತು, ಕ್ಲಚ್ ಪೂರ್ತಿ ಒತ್ತಲು ಆಗುತ್ತದಾ ನೋಡುತ್ತಿದ್ದೆ. ಹೀಗೆ ಕೂತಾಗ ಪಟ್ಟಿಯಲ್ಲಿದ್ದ ಕೆಲವು ಗಾಡಿಗಳು ತಾವಾಗಿಯೇ ಹೊರಗೆ ಹೋದವು.

ಹತ್ತಿ ಇಳಿಯುವುದು ಇನ್ನೊಂದು ದೊಡ್ಡ ವಿಷಯ. ಎರಡನೇ ಸಾಲು ಬೆಂಚಾಗಿದ್ದರೆ, ಸೀಟು ಮಡಚಿ ಮುಂದಕ್ಕೆ ಉರುಳಿಸಿ ಹಿಂದೆ ಹೋಗಬೇಕು. ಚೈಲ್ಡ್ ಸೀಟು ಕಟ್ಟಲೆಂದೇ ಕಾರಿನ ಸೀಟಿನಲ್ಲಿರುವ ಐಸೋಫಿಕ್ಸ್ ಕೊಕ್ಕೆಗೆ ಅದನ್ನು ಸಿಕ್ಕಿಸಿದ ಮೇಲೆ ಆ ಭಾಗ ಉರುಳುವುದಿಲ್ಲ. ಪ್ರತಿ ಸಲ ಮಗುವನ್ನು ಎಬ್ಬಿಸಿ, ಸೀಟು ಕಳಚಿ, ಮತ್ತೆ ಕಟ್ಟುವುದು ಯಾರಿಂದ ಆಗುತ್ತದೆ? ಬೆಂಚಿನ ಬದಲು ನಡುವೆ ದಾರಿ ಇರುವ ಎರಡು ಬಿಡಿ ಸೀಟುಗಳಿದ್ದರೆ (ಇವಕ್ಕೆ ಕ್ಯಾಪ್ಟನ್ ಸೀಟು ಅಂತಾರೆ) ಈ ತೊಂದರೆ ಇಲ್ಲ. ಒಬ್ಬರ ಜಾಗ ಹೋಗುತ್ತದೆ ನಿಜ. ನಾವು ಆರು ಜನಕ್ಕೆ ಒಪ್ಪಿಕೊಂಡೆವು. ಅಮ್ಮನಿಗೆ ಎರಡೂ ಕಡೆ ಕೈ ಊರಲು ಆಸರೆ ಸಿಕ್ಕಿದ್ದು ಇನ್ನೊಂದು ಲಾಭ.

ಅಗಲದಲ್ಲಿ ಚಕ್ರದ ಕಮಾನುಗಳು ಒಳಗೆ ನುಗ್ಗಿರುತ್ತವೆ. ಮೂರನೇ ಸಾಲಿನಲ್ಲಿ ಮೂರು ಬೆಲ್ಟ್ ಇದ್ದರೂ ಮೂರು ಭುಜ ಹಿಡಿಸುವುದು ಕಷ್ಟ, ಅಲ್ಲಿ ಇಬ್ಬರು ಅಂತಲೇ ಲೆಕ್ಕ ಹಾಕಿ. ಎಸಿ ಗಾಳಿ ಅಲ್ಲಿಗೆ ನೇರವಾಗಿ ಬರುತ್ತದಾ, ಕಿಟಕಿಯ ಉದ್ದಕ್ಕೂ ಬಿಚ್ಚಿಕೊಳ್ಳುವ ಕರ್ಟನ್ ಏರ್‌ಬ್ಯಾಗ್ ಮೂರನೇ ಸಾಲಿನವರೆಗೂ ಇದೆಯಾ, ಹೆಡ್‌ರೆಸ್ಟ್ ದೊಡ್ಡವರ ತಲೆಯ ಎತ್ತರಕ್ಕೆ ಬರುತ್ತದಾ ಅಂತ ಕೇಳಿ, ಕೈಯಿಂದ ಮುಟ್ಟಿ ನೋಡಿ.

ಟೆಸ್ಟ್ ಡ್ರೈವ್‌ನಲ್ಲಿ ನಾನು ಒಂದು ಸುತ್ತು ಹಿಂದೆಯೇ ಕೂತೆ. ಆಕ್ಸಲ್ ಮೇಲೆ ಕೂತವರಿಗೆ ಹಂಪ್‌ನ ಏಟು ಜಾಸ್ತಿ. ಕಿಟಕಿ ಚಿಕ್ಕದಾಗಿ, ಮುಂದಿನ ಸೀಟು ಗೋಡೆಯಂತೆ ಎತ್ತರವಾಗಿದ್ದರೆ ಹೊಟ್ಟೆ ತೊಳೆಸುತ್ತದೆ. ಮಕ್ಕಳನ್ನು ಅಲ್ಲಿ ಕೂರಿಸುವವರು ಇದನ್ನು ಖಂಡಿತ ನೋಡಲೇಬೇಕು.

ಕೊನೆಗೆ ಡಿಕ್ಕಿ. ಮಾರುತಿ ಎರ್ಟಿಗಾದಲ್ಲಿ ಮೂರೂ ಸಾಲು ಬಳಸುವಾಗ ಉಳಿಯುವುದು 209 ಲೀಟರ್. ಸಾಮಾನಿನ ಜೊತೆ ಆರು ಜನ ಹೊರಟರೆ ಅದು ಬೇಗ ತುಂಬುತ್ತದೆ. ಲೀಟರ್ ಲೆಕ್ಕ ಓದುವ ಬದಲು ನಾವು ಮನೆಯಿಂದ ಎರಡು ಸೂಟ್‌ಕೇಸ್, ಮಗುವಿನ ಸ್ಟ್ರೋಲರ್ ಒಯ್ದು ತುಂಬಿಸಿ ನೋಡಿದೆವು. ಕೊನೆಗೆ ಉಳಿದಿದ್ದ ಎರಡು ಗಾಡಿಗಳಲ್ಲಿ ಒಂದರ ಬಾಗಿಲು ಸ್ಟ್ರೋಲರ್ ಇಟ್ಟ ಮೇಲೆ ಮುಚ್ಚಲಿಲ್ಲ. ಇನ್ನೊಂದನ್ನು ಬುಕ್ ಮಾಡಿದೆವು.