ಪುಣೆಗೆ ದುಡಿಯಲು ಬಂದಿರಾ? ಮೊದಲು ಕೂಸಿನ ಹೆಸರು ಬರೆಸಿ

ಸಿಂದಗಿ, ಇಂಡಿ, ಅಫಜಲಪುರ, ಆಳಂದದ ಕಡೆಯಿಂದ ಗಂಡ-ಹೆಂಡತಿ ಇಬ್ಬರೂ ಪುಣೆಗೆ ದುಡಿಯಲು ಬರುತ್ತಾರೆ. ಹಿಂಜವಡಿಯಲ್ಲೋ ವಾಘೋಲಿಯಲ್ಲೋ ತಗಡಿನ ಖೋಲಿಯಲ್ಲಿ ಗಂಟು ಇಳಿಸಿದ ಮರುದಿನವೇ ಕೆಲಸ. ಕೂಸನ್ನು ನೋಡುವವರು ಯಾರು? ಎಂಟು ವರ್ಷದ ಅಕ್ಕ. ಅವಳ ಶಾಲೆ ಅಲ್ಲಿಗೆ ಮುಗಿಯಿತು. ಕಬ್ಬಿಣದ ಸರಳಿನ ರಾಶಿಯ ಪಕ್ಕ ತಮ್ಮನನ್ನು ಸೊಂಟದ ಮೇಲೆ ಹೊತ್ತು ನಿಂತ ಅಂಥ ಹುಡುಗಿಯರನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ. ಕೂಸನ್ನು ನೋಡಿಕೊಳ್ಳಲು ಸರ್ಕಾರ ದುಡ್ಡು ಇಡುತ್ತದೆ. ಅದು ನಿಮ್ಮ ಮಗುವಿನವರೆಗೆ ಬರಬೇಕಾದರೆ ಮಗುವಿನ ಹೆಸರು ಒಂದು ಪಟ್ಟಿಯಲ್ಲಿರಬೇಕು. ಮಕ್ಕಳ ತಲೆಯೆಣಿಕೆ ಮೇಲೆಯೇ ಆಹಾರ ಬರುವುದು, ಶಿಶುಪಾಲನಾ ಕೇಂದ್ರ ಮಂಜೂರಾಗುವುದು.

ಆದ್ದರಿಂದ ಮೊದಲು ಹತ್ತಿರದ ಅಂಗನವಾಡಿಗೆ ಹೋಗಿ. ಇಲ್ಲಿ ಕಾರ್ಯಕರ್ತೆಯನ್ನು ಸೇವಿಕಾ ಎನ್ನುತ್ತಾರೆ, ಸಹಾಯಕಿಯನ್ನು ಮದತನೀಸ್. ಕರೆಯುವುದು ಮಾತ್ರ ‘ತಾಯಿ’ ಎಂದೇ. ಮರಾಠಿಯಲ್ಲಿ ಅದು ಅಕ್ಕ, ನಮ್ಮ ಕಿವಿಗೆ ಅವ್ವ; ಎರಡರಲ್ಲಿ ಯಾವುದಾದರೂ ಸರಿಯೇ. ಭಾಷೆ ಬಾರದವರು ಇಷ್ಟು ಬಾಯಿಪಾಠ ಮಾಡಿಕೊಳ್ಳಿ: ‘ತಾಯಿ, ಮಾಝ್ಯಾ ಬಾಳಾಚಂ ನಾವ್ ಲಿಹೂನ್ ಘ್ಯಾ.’ ನನ್ನ ಕೂಸಿನ ಹೆಸರು ಬರೆದುಕೊಳ್ಳಿ ಎಂದು ಅರ್ಥ.

ಕೂಸಿನ ಹೆತ್ತ ತಾಯಿಯ ಆಧಾರ್, ಅದಕ್ಕೆ ಜೋಡಿಸಿದ ನಂಬರಿನ ಮೊಬೈಲ್, ಊರಿನಿಂದ ತಂದ ತಾಯಿ ಕಾರ್ಡ್, ಲಸಿಕೆಯ ಚೀಟಿ, ಇದ್ದರೆ ಜನನ ಪ್ರಮಾಣಪತ್ರ ಕೈಯಲ್ಲಿರಲಿ. ಮಗುವಿಗೆ ಆಧಾರ್ ಆಗಿಲ್ಲವೆಂದು ಹಿಂದೆ ಸರಿಯಬೇಡಿ; ತಾಯಿಯ ಆಧಾರ್ ಮೇಲೆ ನೋಂದಣಿ ಆಗುತ್ತದೆ. ಊರಿನ ಅಂಗನವಾಡಿಯಲ್ಲಿ ಮೊದಲೇ ಹೆಸರಿದ್ದರೆ ಅಲ್ಲಿಯ ಟೀಚರಿಗೆ ಫೋನ್ ಮಾಡಿ, ಪುಣೆಗೆ ವರ್ಗಾಯಿಸಲು ಹೇಳಿ. ದೇಶದ ಎಲ್ಲ ಅಂಗನವಾಡಿಗಳೂ ಬಳಸುವ ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ ಅದಕ್ಕೆ ಅವಕಾಶವಿದೆ. ‘ನೀವು ಕರ್ನಾಟಕದವರು, ಇಲ್ಲಿಯ ರೇಷನ್ ಕಾರ್ಡ್ ತನ್ನಿ’ ಎಂದು ಯಾರಾದರೂ ಅಂದರೆ ಗಾಬರಿಯಾಗಬೇಡಿ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಆರು ತಿಂಗಳಿಂದ ಆರು ವರ್ಷದವರೆಗಿನ ಮಗುವಿಗೆ ಅಂಗನವಾಡಿಯ ಆಹಾರ ಉಚಿತ. ಅದಕ್ಕೂ ರೇಷನ್ ಕಾರ್ಡಿಗೂ ಸಂಬಂಧವಿಲ್ಲ.

ಆದರೆ ಅಂಗನವಾಡಿ ನಡೆಯುವುದು ದಿನಕ್ಕೆ ಕೆಲವೇ ತಾಸು, ನಿಮ್ಮ ಪಾಳಿ ಸಂಜೆಯವರೆಗೆ. ಈ ಕೊರತೆ ತುಂಬಲು ಇರುವುದೇ ಪಾಲನಾ ಯೋಜನೆ. ನಮ್ಮ ಹಳ್ಳಿಗಳಲ್ಲಿ ಈಚೆಗೆ ಬಂದ ಕೂಸಿನ ಮನೆಯನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ; ಮರಾಠಿಯಲ್ಲಿ ಪಾಳಣಾಘರ್ ಎಂದು ಕೇಳಿ. 2006ರಲ್ಲಿ ರಾಜೀವ್ ಗಾಂಧಿ ಹೆಸರಿನಲ್ಲಿ ಶುರುವಾದ ಶಿಶುಪಾಲನಾ ಯೋಜನೆಯೇ 2022ರಿಂದ ಕೇಂದ್ರ ಸರ್ಕಾರದ ಮಹಿಳಾ ಯೋಜನೆಯಾದ ಮಿಷನ್ ಶಕ್ತಿಯೊಳಗೆ ಪಾಲನಾ ಆಗಿದೆ. ಅಂಗನವಾಡಿಯನ್ನೇ ದಿನಪೂರ್ತಿಯ ಶಿಶುಪಾಲನಾ ಕೇಂದ್ರವಾಗಿಸುವುದು ಇದರ ಮುಖ್ಯ ದಾರಿ. ದೇಶದಲ್ಲಿ ಇಂಥ 17,000 ಕೇಂದ್ರಗಳ ಗುರಿ ಇಡಲಾಗಿತ್ತು. ತಿಂಗಳಿಗೆ 26 ದಿನ, ದಿನಕ್ಕೆ ಏಳೂವರೆ ತಾಸು, ಒಂದು ಕೇಂದ್ರದಲ್ಲಿ 25 ಮಕ್ಕಳು, ನೋಡಿಕೊಳ್ಳಲು ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಮಲಗಲು ಜಾಗ, ಊಟ, ತೂಕ ನೋಡುವುದು, ಲಸಿಕೆ ಎಲ್ಲವೂ ಇದರಲ್ಲಿ ಸೇರಿವೆ. ಹಳೆಯ ಯೋಜನೆ ದುಡಿಯುವ ತಾಯಂದಿರಿಗೆ ಮಾತ್ರ ಇತ್ತು. ನಾಕಾದಲ್ಲಿ ನಿಂತು ದಿನಗೂಲಿ ಹಿಡಿಯುವವಳು ಕೆಲಸದ ಪುರಾವೆಯನ್ನು ಎಲ್ಲಿಂದ ತರಬೇಕು? ಈಗ ತಾಯಿ ಕೆಲಸದಲ್ಲಿ ಇರಲಿ, ಇಲ್ಲದಿರಲಿ, ಮಗುವನ್ನು ಸೇರಿಸಿಕೊಳ್ಳಬೇಕು. ನನ್ನ ಮಟ್ಟಿಗೆ ಇದು ಈ ಯೋಜನೆಯ ಅತಿ ದೊಡ್ಡ ಸುಧಾರಣೆ. ಏಳೂವರೆ ತಾಸು ಮಾತ್ರ ಸಾಲದು; ಒಂಬತ್ತಕ್ಕೆ ಹೋಗಿ ಆರಕ್ಕೆ ಬರುವ ಹೆಂಗಸಿನ ಲೆಕ್ಕ ಅದರಲ್ಲಿ ಕೂರುವುದಿಲ್ಲ.

ಖರ್ಚಿನ ಶೇ 60 ಕೇಂದ್ರ ಸರ್ಕಾರದ್ದು, ಶೇ 40 ರಾಜ್ಯದ್ದು. ಅಂದರೆ ರಾಜ್ಯ ತನ್ನ ಪಾಲು ಹಾಕಿ ಮಂಜೂರು ಮಾಡಿದ ಕಡೆ ಮಾತ್ರ ಪಾಲನಾ ಕೇಂದ್ರ ತೆರೆಯುತ್ತದೆ, ಎಲ್ಲ ಅಂಗನವಾಡಿಯಲ್ಲೂ ಸಿಗುವುದಿಲ್ಲ. ಸೇವಿಕಾ ‘ಇಲ್ಲಿ ಇಲ್ಲ’ ಅಂದರೆ ಅದು ಅವಳ ತಪ್ಪಲ್ಲ, ಅವಳೊಂದಿಗೆ ಜಗಳ ಬೇಡ. ಈ ಅಂಗನವಾಡಿ ಯಾವ ಪ್ರಕಲ್ಪಕ್ಕೆ, ಅಂದರೆ ಯಾವ ಮೇಲಿನ ಕಚೇರಿಗೆ, ಸೇರಿದ್ದು ಎಂದಷ್ಟೇ ಕೇಳಿಕೊಳ್ಳಿ. ಹಿಂಜವಡಿಯಂಥ ಗ್ರಾಮ ಪಂಚಾಯಿತಿಗಳದ್ದು ಜಿಲ್ಲಾ ಪರಿಷತ್ತಿನ ಕಡೆ, ನಗರದ್ದು ನಾಗರಿ ಪ್ರಕಲ್ಪ. ಅಲ್ಲಿಯ ಬಾಲವಿಕಾಸ ಪ್ರಕಲ್ಪ ಅಧಿಕಾರಿಗೆ ಅರ್ಜಿ ಕೊಡಿ.

ಅರ್ಜಿಯನ್ನು ಒಬ್ಬರೇ ಕೊಡಬೇಡಿ. ಕ್ಯಾಂಪಿನ ಒಂದೊಂದು ಖೋಲಿಗೂ ಹೋಗಿ, ಆರು ವರ್ಷದೊಳಗಿನ ಮಕ್ಕಳ ಹೆಸರು, ವಯಸ್ಸು, ತಾಯಿಯ ಹೆಸರು, ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ. 25 ಮಕ್ಕಳಾದರೆ ಪಾಲನಾ ಕೇಳಲು ಗಟ್ಟಿ ಆಧಾರ. ಹತ್ತಿರದಲ್ಲಿ ಅಂಗನವಾಡಿಯೇ ಇಲ್ಲದೆ, ಮಕ್ಕಳು 40 ಆದರೆ ಇನ್ನೂ ಗಟ್ಟಿ. ಆರರೊಳಗಿನ ಕನಿಷ್ಠ 40 ಮಕ್ಕಳಿರುವ ಹಳ್ಳಿ ಅಥವಾ ಕೊಳೆಗೇರಿಯವರು ಕೇಳಿದರೆ ಮೂರು ತಿಂಗಳೊಳಗೆ ಅಂಗನವಾಡಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2006ರ ಡಿಸೆಂಬರ್ 13ರಂದು ಆದೇಶಿಸಿದೆ. ಅರ್ಜಿಯಲ್ಲಿ ಆ ತಾರೀಖನ್ನು ಬರೆಯಿರಿ. ಎರಡು ಪ್ರತಿ ಒಯ್ದು ಒಂದರ ಮೇಲೆ ಶಿಕ್ಕಾ ಒತ್ತಿಸಿಕೊಂಡೇ ಬನ್ನಿ. ಅದಿಲ್ಲದಿದ್ದರೆ ನೀವು ಕೇಳಿದ್ದಕ್ಕೆ ಗುರುತೇ ಇರುವುದಿಲ್ಲ.

ದೊಡ್ಡ ಸೈಟಿನವರು ಬಿಲ್ಡರನನ್ನೂ ಕೇಳಿ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯೇ 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಮಕ್ಕಳಿಗೆ ಕೋಣೆ ಬೇಕು ಎಂದಿತ್ತು. ಸಣ್ಣ ಸಣ್ಣ ಗುತ್ತಿಗೆದಾರರ ಹೆಸರಿಗೆ ಹಂಚಿ ಲೆಕ್ಕವನ್ನು ಐವತ್ತರೊಳಗೆ ಇಳಿಸುವುದುಂಟು; ಅದಕ್ಕೇ ಇಡೀ ಸೈಟಿನ ಹೆಂಗಸರ ಲೆಕ್ಕ ನೀವೇ ಇಟ್ಟುಕೊಳ್ಳಿ. ತಾರಾ ಮೊಬೈಲ್ ಕ್ರೆಷಸ್ ಸಂಸ್ಥೆ ಪುಣೆಯ ಸೈಟುಗಳಲ್ಲೇ ಶಿಶುಪಾಲನಾ ಕೇಂದ್ರ ನಡೆಸುತ್ತದೆ. ಬಿಲ್ಡರ್ ಜಾಗ ಕೊಡಲು ಒಪ್ಪಿದರೆ ಇಂಥವರನ್ನು ಕರೆಯಿಸಬಹುದು.

ಬಿತ್ತನೆಗೋ ಜಾತ್ರೆಗೋ ಊರಿಗೆ ಹೊರಟಾಗ ಸೇವಿಕಾಗೆ ಹೇಳಿ ಹೋಗಿ. ಮಗುವಿನ ತೂಕ, ಎತ್ತರ, ಹಾಕಿಸಿದ ಲಸಿಕೆಯನ್ನು ಕಾರ್ಡಿನಲ್ಲಿ ಬರೆಸಿಕೊಳ್ಳಿ, ಹೆಸರನ್ನು ಊರಿನ ಅಂಗನವಾಡಿಗೆ ಕಳಿಸಲು ಹೇಳಿ. ಆ ಕಾರ್ಡನ್ನು ರೈಲಿನಲ್ಲಿ ಗಂಟಿನೊಳಗೆ ಹಾಕದೆ ತಾಯಿಯ ಚೀಲದಲ್ಲಿಯೇ ಇಟ್ಟುಕೊಳ್ಳಿ.