ಸಂಕ್ರಾಂತಿಯ ಗೆಣಸಿಗೆ ಆಶ್ಲೇಷ ಮಳೆಯಲ್ಲೇ ತಯಾರಿ

ಹಿತ್ತಲಲ್ಲಿ ಗೆಣಸು ಬೆಳೆಯಬೇಕೆಂದು ಹೊರಟವರು ಹೆಚ್ಚಾಗಿ ಸೋಲುವುದು ನೆಡುವ ಹೊತ್ತಿಗೆ ಕೈಯಲ್ಲಿ ಬಳ್ಳಿ ಇಲ್ಲದೆ. ಏರಿ ಮಾಡಿ, ಗೊಬ್ಬರ ಹಾಕಿ, ಆಮೇಲೆ ಬಳ್ಳಿಗೆ ಊರೆಲ್ಲ ಹುಡುಕುತ್ತಾರೆ. ಸಿಗದಿದ್ದಾಗ ಸಂತೆಯಿಂದ ಗೆಡ್ಡೆ ತಂದು ಆಲೂಗೆಡ್ಡೆ ಊರಿದ ಹಾಗೆ ನೇರವಾಗಿ ಸಾಲಿಗೆ ಊರುತ್ತಾರೆ. ಹಾಗೆ ಊರಿದರೆ ಹಳೇ ಗೆಡ್ಡೆಯೇ ಉಬ್ಬಿ ನಾರಾಗುತ್ತದೆ, ಹೊಸ ಗೆಡ್ಡೆ ಕೂರುವುದು ಕಡಿಮೆ. ಆಲೂಗೆಡ್ಡೆ ಕಾಂಡದಿಂದ ಆದದ್ದು, ಗೆಣಸು ದಪ್ಪಗಾದ ಬೇರು. ಅದಕ್ಕೆ ಬೀಜವೆಂದರೆ ಬಳ್ಳಿಯ ಕುಡಿ. (ಇಲ್ಲಿ ಗೆಣಸು ಎಂದರೆ ಸಿಹಿಗೆಣಸು. ಮರಗೆಣಸಿನದು ಬೇರೆಯೇ ಲೆಕ್ಕ.)

ಲೆಕ್ಕವನ್ನು ಹಿಂದಿನಿಂದ ಹಾಕಿ. ಸಂಕ್ರಾಂತಿಗೆ ಗೆಡ್ಡೆ ಕೀಳಬೇಕು, ಬೆಳೆಗೆ 110ರಿಂದ 120 ದಿನ ಬೇಕು. ಅಂದರೆ ನೆಡುವುದು ಸೆಪ್ಟೆಂಬರ್ ಮಧ್ಯದಿಂದ ತಿಂಗಳ ಕೊನೆಯೊಳಗೆ, ಉತ್ತರಾ ಮಳೆ ಮುಗಿದು ಹಸ್ತಾ ಹಿಡಿಯುವ ಹೊತ್ತಿಗೆ. ಗೆಡ್ಡೆಯಿಂದ ಬಳ್ಳಿ ಎಬ್ಬಿಸಲು 40ರಿಂದ 45 ದಿನ. ಅದನ್ನೂ ಕಳೆದರೆ ಆಗಸ್ಟ್ ಮೊದಲ ವಾರ, ಆಶ್ಲೇಷ ಮಳೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹಿತ್ತಲ ಮಣ್ಣಿಗೆ ಕೈ ಹಾಕಲೂ ಆಗದ ದಿನಗಳವು. ಹಾಗಾಗಿ ಬಳ್ಳಿ ಎಬ್ಬಿಸುವ ಕೆಲಸ ನೆಲದಲ್ಲಲ್ಲ, ಸೂರಿನ ಕೆಳಗೆ ಆಗಬೇಕು. ಶಿಕಾರಿಪುರ, ಭದ್ರಾವತಿಯಂಥ ಅರೆಮಲೆನಾಡಿನಲ್ಲಿ, ನೀರು ನಿಲ್ಲದ ಜಾಗವಿದ್ದರೆ, ಜೂನ್‌ನಲ್ಲೇ ನೆಡಬಹುದು. ಮಲೆನಾಡಿನ ನಡುವೆ ಆ ಸಾಹಸ ಬೇಡ. ಎರಡು ತಿಂಗಳು ನೀರು ಕುಡಿದ ಏರಿಯಲ್ಲಿ ಬರುವುದು ಬಾಲದಂಥ ಬೇರು ಮಾತ್ರ.

ಬಳ್ಳಿ ಮಾಡಿಕೊಳ್ಳುವುದು

125–150 ಗ್ರಾಂ ತೂಕದ, ಗಾಯವಿಲ್ಲದ ಗೆಡ್ಡೆ ಆರಿಸಿ. ಸಿಪ್ಪೆಯ ಮೇಲೆ ಗುಂಡುಸೂಜಿ ಚುಚ್ಚಿದಂಥ ತೂತುಗಳಿದ್ದರೆ ಮೂತಿಹುಳು ಒಳಗಿದೆ ಎಂದರ್ಥ, ಅಂಥದ್ದು ಬೇಡ. ಫ್ರಿಜ್ಜಿನಲ್ಲಿಟ್ಟ ಗೆಡ್ಡೆಯೂ ಬೇಡ, ಚಳಿಗೆ ಒಳಗೇ ಕೆಟ್ಟಿರುತ್ತದೆ. ಅರ್ಧ ಮರಳು, ಅರ್ಧ ಪುಡಿ ಕಾಂಪೋಸ್ಟ್ ಬೆರೆಸಿ, ತಳದಲ್ಲಿ ತೂತಿರುವ ಟ್ರೇಗೋ ಹಳೇ ಬಕೆಟ್ಟಿಗೋ ತುಂಬಿ. ಗೆಡ್ಡೆಯನ್ನು ಅಡ್ಡಲಾಗಿ ಮಲಗಿಸಿ ಮೇಲೆ ಎರಡು ಬೆರಳು ದಪ್ಪ ಅದೇ ಮಿಶ್ರಣ ಮುಚ್ಚಿ. ನಿಲ್ಲಿಸಿ ಊರಿದರೆ ಮೇಲಿನ ತುದಿಯಲ್ಲಷ್ಟೇ ಮೊಳಕೆ ಬರುತ್ತದೆ, ತಲೆಕೆಳಗಾಗಿದ್ದರೆ ಇನ್ನೂ ತಡ.

ಮೊಳಕೆಗೆ 25–30 ಡಿಗ್ರಿ ಬಿಸಿ ಬೇಕು. ಮಳೆಗಾಲದ ಮಲೆನಾಡಿನಲ್ಲಿ ಅಷ್ಟು ಬಿಸಿ ಇರುವುದು ಬಚ್ಚಲೊಲೆಯ ಹತ್ತಿರ ಮಾತ್ರ. ಮೊಳಕೆ ಮಣ್ಣಿನ ಮೇಲೆ ಕಾಣುವವರೆಗೆ ಟ್ರೇ ಅಲ್ಲೇ ಇರಲಿ, ಕಂಡ ದಿನವೇ ಬೆಳಕಿಗೆ ತನ್ನಿ. ಕತ್ತಲಲ್ಲಿ ಒಂದು ವಾರ ಬಿಟ್ಟರೂ ಕುಡಿ ಬಿಳಿಚಿ, ಸಣಕಲಾಗಿ ಬೀಳುತ್ತದೆ. ಮಿಶ್ರಣ ಹಸಿ ಇದ್ದರೆ ಸಾಕು. ಹಿಂಡಿದರೆ ನೀರು ಬರುವಷ್ಟು ಒದ್ದೆಯಾದರೆ ಗೆಡ್ಡೆ ಕೊಳೆತು ನಾರುತ್ತದೆ. ಒಂದು ಗೆಡ್ಡೆಯಿಂದ ಮೊದಲ ಕೊಯ್ಲಿಗೆ ಹತ್ತರಷ್ಟು ಕುಡಿ ಸಿಗುತ್ತವೆ. ಬುಡದಲ್ಲಿ ಎರಡು ಬೆರಳು ಬಿಟ್ಟು ಕತ್ತರಿಸಿದರೆ ಮೂರು ವಾರದಲ್ಲಿ ಮತ್ತೊಂದು ಕೊಯ್ಲು.

ಗಾಜಿನ ಲೋಟದ ನೀರಿನಲ್ಲಿ ಗೆಡ್ಡೆ ನಿಲ್ಲಿಸಿ ಚಿಗುರಿಸುವ ಪದ್ಧತಿಯೂ ಇದೆ. ಕಿಟಕಿಯಲ್ಲಿ ಚೆಂದ ಕಾಣುತ್ತದೆ, ಚಿಗುರೂ ಬರುತ್ತದೆ. ಆದರೆ ನೀರಲ್ಲಿ ಬೆಳೆದ ಚಿಗುರು ಮೆದು, ಬಯಲಿನ ಬಿಸಿಲಿಗೆ ಸೊರಗುತ್ತದೆ. ಮಾಡಿದರೆ ಎರಡು ದಿನಕ್ಕೊಮ್ಮೆ ನೀರು ಬದಲಿಸಿ, ಚಿಗುರು ಅರ್ಧ ಅಡಿ ಬಂದಾಗ ಮುರಿದು ತೆಗೆದು, ಚೀಲದ ಮಣ್ಣಿನಲ್ಲಿ ಎರಡು ವಾರ ಬೆಳೆಸಿ ಆಮೇಲೆ ಏರಿಗೆ ತನ್ನಿ.

ಇದಕ್ಕಿಂತ ಒಳ್ಳೆಯದು ವರ್ಷವಿಡೀ ತಾಯಿ ಬಳ್ಳಿ ಕಾಪಾಡಿಕೊಳ್ಳುವುದು. ಬೆಳೆ ತೆಗೆಯುವಾಗ ಹತ್ತು ಹನ್ನೆರಡು ಕುಡಿ ಕತ್ತರಿಸಿ, ಬಚ್ಚಲ ನೀರು ಹರಿದು ಹೋಗುವ ದಾರಿಯ ಪಕ್ಕ ಊರಿ. ನೀರಿನ ದಾರಿಯಲ್ಲೇ ಬೇಡ, ಒಂದು ಗೇಣು ಆಚೆ. ಬೇಸಿಗೆಯನ್ನು ಅದು ತಾನೇ ಕಳೆಯುತ್ತದೆ. ಮೇ ಕೊನೆಗೆ ಅದರ ತುದಿಗಳನ್ನು ಕತ್ತರಿಸಿ, ಮಣ್ಣು ತುಂಬಿದ ಎರಡು ಮೂರು ಸಿಮೆಂಟ್ ಚೀಲಕ್ಕೆ ನೆಟ್ಟು ಜಗಲಿಯ ಅಂಚಿಗೆ ತನ್ನಿ. ಚೀಲದ ಬುಡದಲ್ಲಿ ಎಂಟು ಹತ್ತು ತೂತು ಇರಲಿ. ಬೆಳಕು ಬೀಳಬೇಕು, ಸೂರಿನ ನೀರು ಬೀಳಬಾರದು. ಪುಷ್ಯ ಮಳೆಯಲ್ಲಿ ಬೆಳವಣಿಗೆ ನಿಂತ ಹಾಗೆ ಕಂಡರೂ ಬಿಸಿಲು ಬಂದ ಎಂಟು ದಿನಕ್ಕೆ ಹಬ್ಬತೊಡಗುತ್ತದೆ. ಆದರೆ ಒಂದೇ ಬಳ್ಳಿಯನ್ನು ವರ್ಷಗಟ್ಟಲೆ ತಿರುಗಿಸಿದರೆ ನಂಜುರೋಗ ಸೇರಿಕೊಂಡು ಇಳುವರಿ ಕುಗ್ಗುತ್ತದೆ. ಎಲೆ ಮುರುಟಿದ, ಎಲೆಯಲ್ಲಿ ಹಳದಿ ಅಥವಾ ನೇರಳೆ ಬಣ್ಣದ ಉಂಗುರದಂಥ ಕಲೆ ಬಿದ್ದ ಬಳ್ಳಿಯನ್ನು ಕಂಡಲ್ಲೇ ಕಿತ್ತುಹಾಕಿ. ಮೂರು ವರ್ಷಕ್ಕೊಮ್ಮೆ ಒಳ್ಳೆಯ ಗೆಡ್ಡೆಯಿಂದ ಹೊಸದಾಗಿ ಎಬ್ಬಿಸಿಕೊಳ್ಳಿ.

ತಳಿಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಸಂತೆಯಲ್ಲಿ ಸಿಗುವ ಕೆಂಪು ಸಿಪ್ಪೆ, ಬಿಳಿ ತಿರುಳಿನದು ಮನೆಗೆ ಧಾರಾಳ ಸಾಕು. ಬೇರೆ ಬಣ್ಣ ಬೇಕೆಂದರೆ ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯ ಭೂ ಸೋನಾ ಕಿತ್ತಳೆ ತಿರುಳಿನದು, ಭೂ ಕೃಷ್ಣ ನೇರಳೆ ತಿರುಳಿನದು. ಶ್ರೀ ಭದ್ರಾ 90 ದಿನಕ್ಕೇ ಬರುವ ತಳಿ.

ಏರಿ ಎತ್ತರವಿರಲಿ

ಮೊದಲು ಬಿಸಿಲು ನೋಡಿ. ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೀಳದ ಕಡೆ ಗೆಣಸು ಹಾಕುವುದೆಂದರೆ ಸೊಪ್ಪು ಬೆಳೆದಂತೆ. ತೋಟದಲ್ಲಿ ಜಾಗ ಖಾಲಿ ಇದೆಯೆಂದು ಅಡಕೆ ಮರದ ಕೆಳಗೆ ನೆಟ್ಟರೆ ಬಳ್ಳಿ ಹಸಿರಾಗಿ ಹಬ್ಬುತ್ತದೆ, ಅಗೆದರೆ ಏನೂ ಇರುವುದಿಲ್ಲ.

ಹತ್ತಡಿ ಉದ್ದ, ಹತ್ತಡಿ ಅಗಲದ ಜಾಗ ಹಿಡಿದು ಹೇಳುತ್ತೇವೆ. ಎರಡೂವರೆ ಅಡಿಗೆ ಒಂದರಂತೆ ನಾಲ್ಕು ಏರಿ, ಪ್ರತಿ ಏರಿಯಲ್ಲಿ ಅಡಿಗೊಂದರಂತೆ ಹತ್ತು ಕುಡಿ, ಒಟ್ಟು ನಲವತ್ತು. ಬಯಲುಸೀಮೆಯಲ್ಲಿ ಎರಡಡಿಗೊಂದು ಏರಿ, 20 ಸೆಂಟಿಮೀಟರಿಗೊಂದು ಬಳ್ಳಿ ಹಾಕುತ್ತಾರೆ. ನಮ್ಮಲ್ಲಿ ಏರಿ ಎತ್ತರ ಬೇಕಾದ್ದರಿಂದ ಮಣ್ಣು ಎಳೆಯಲು ಜಾಗವೂ ಹೆಚ್ಚು ಬೇಕು. ಬಯಲಲ್ಲಿ ಒಂದಡಿ ಎತ್ತರ ಸಾಕು, ಇಲ್ಲಿ ಒಂದು ಮೊಳ ಮಾಡಿ. ಹಸ್ತಾ, ಚಿತ್ತಾ ಮಳೆ ಹೊಡೆದ ಮೇಲೆ ಅದು ತಾನಾಗಿ ಅರ್ಧ ಅಡಿ ಕುಸಿಯುತ್ತದೆ. ಇಳಿಜಾರಿದ್ದರೆ ಏರಿ ಇಳಿಜಾರಿಗೆ ಅಡ್ಡಲಾಗಿ ಬರಬೇಕು, ಕಾಲುವೆಯ ಒಂದು ತುದಿ ಮಾತ್ರ ತೆರೆದಿರಬೇಕು.

ಜಂಬಿಟ್ಟಿಗೆಯ ಕೆಂಪು ಮಣ್ಣಾದರೆ ಹರಳು ಆರಿಸಿ ತೆಗೆಯಿರಿ. ಕಲ್ಲು ತಾಗಿದ ಗೆಡ್ಡೆ ಸೊಟ್ಟಗಾಗುತ್ತದೆ. ನಮ್ಮ ಮಳೆ ಸುಣ್ಣದ ಅಂಶವನ್ನೆಲ್ಲ ತೊಳೆದುಕೊಂಡು ಹೋಗಿ ಮಣ್ಣು ಹುಳಿಯಾಗಿರುತ್ತದೆ. ಗೆಣಸು ಸ್ವಲ್ಪ ಹುಳಿಯನ್ನು ತಡೆದುಕೊಳ್ಳುತ್ತದೆ, 5.5ರಿಂದ 6.5 ರಸಸಾರ ಅದಕ್ಕೆ ಹಿತ. ಈ ನೂರು ಚದರಡಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 10 ಕಿಲೋ, ಬಚ್ಚಲೊಲೆಯ ಜರಡಿ ಹಿಡಿದ ಬೂದಿ ಒಂದೂವರೆ ಕಿಲೋ. ಬೂದಿ ಹುಳಿಯನ್ನೂ ತಗ್ಗಿಸುತ್ತದೆ, ಗೆಡ್ಡೆಗೆ ಬೇಕಾದ ಪೊಟ್ಯಾಷನ್ನೂ ಕೊಡುತ್ತದೆ. ಅರೆಬರೆ ಕಳಿತ ಗೊಬ್ಬರದ ಜೊತೆ ಗೊಣ್ಣೆಹುಳು ಬರುತ್ತದೆ, ಗೆಡ್ಡೆಯ ಮೇಲೆ ಉಳಿಯಲ್ಲಿ ಕೆತ್ತಿದಂತೆ ಗೀರು ಬೀಳುವುದು ಅದರಿಂದಲೇ.

ರಾಸಾಯನಿಕ ಗೊಬ್ಬರ ಹಾಕುವವರಿಗೆ ಇದೇ ಜಾಗಕ್ಕೆ ಯೂರಿಯಾ 100 ಗ್ರಾಂ, ಸೂಪರ್ ಫಾಸ್ಫೇಟ್ 150 ಗ್ರಾಂ, ಮ್ಯೂರಿಯೇಟ್ ಆಫ್ ಪೊಟ್ಯಾಷ್ 80 ಗ್ರಾಂ. ಯೂರಿಯಾ ಅರ್ಧ ನೆಡುವಾಗ, ಉಳಿದರ್ಧ ತಿಂಗಳ ನಂತರ, ಮಿಕ್ಕವು ನೆಡುವಾಗಲೇ. ಬೂದಿ ಹಾಕಿದ ದಿನ ಯೂರಿಯಾ ಹಾಕಬೇಡಿ. ಎರಡೂ ಸೇರಿದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಹದಿನೈದು ದಿನದ ಅಂತರವಿರಲಿ.

ನೆಡುವುದು, ಮೊದಲ ನಲವತ್ತು ದಿನ

ಕುಡಿ ಒಂದು ಗೇಣಿಗಿಂತ ತುಸು ಉದ್ದ, 25–30 ಸೆಂಟಿಮೀಟರ್, ಐದಾರು ಗೆಣ್ಣು. ಬಳ್ಳಿಯ ತುದಿಯ ತುಂಡು ಎಲ್ಲಕ್ಕಿಂತ ಉತ್ತಮ. ಅದರ ಕೆಳಗಿನದು ನಡೆಯುತ್ತದೆ. ಬುಡದ ಕಟ್ಟಿಗೆಯಂಥ ತುಂಡು ಬೇಡವೇ ಬೇಡ, ಬೇರು ತಡ ಮತ್ತು ಮೂತಿಹುಳುವಿನ ಮೊಟ್ಟೆ ಇರುವುದು ಅಲ್ಲೇ. ಕತ್ತರಿಸಿದ ಕುಡಿಗಳ ಕೆಳಗಿನ ಎಲೆ ತೆಗೆದು, ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಲ್ಲಿ ಒಂದು ಅಥವಾ ಎರಡು ದಿನ ಇಡಿ. ಗೆಣ್ಣಿನಲ್ಲಿ ಬಿಳಿ ಬೇರಿನ ಮೊಗ್ಗು ಕಾಣುತ್ತದೆ. ಅದಕ್ಕಿಂತ ಹೆಚ್ಚು ದಿನ ಇಟ್ಟರೆ ನಮ್ಮ ತೇವಕ್ಕೆ ಕೊಳೆ ಹಿಡಿಯುತ್ತದೆ.

ಏರಿಯ ನೆತ್ತಿಯಲ್ಲಿ ಓರೆಯಾಗಿ ಗೀರು ಮಾಡಿ, ಮೂರು ಗೆಣ್ಣು ಮಣ್ಣೊಳಗೆ ಮಲಗುವಂತೆ ಇಟ್ಟು ಎರಡು ಮೂರು ಬೆರಳು ದಪ್ಪ ಮಣ್ಣು ಮುಚ್ಚಿ ಅದುಮಿ. ಗೆಡ್ಡೆ ಕೂರುವುದು ಗೆಣ್ಣಿನ ಬೇರಿನಲ್ಲಿ. ಮಲಗಿಸಿದರೆ ಮೂರೂ ಗೆಣ್ಣಿಗೆ ಜಾಗ ಸಿಕ್ಕಿ ಸಮ ಗಾತ್ರದ ಗೆಡ್ಡೆ ಬರುತ್ತದೆ. ನೆಟ್ಟಗೆ ಚುಚ್ಚಿದರೆ ಕಡಿಮೆ ಗೆಡ್ಡೆ, ಆದರೆ ದಪ್ಪ. ಸಂಜೆ ನೆಡಿ. ಮೊದಲ ಎರಡು ಮೂರು ದಿನ ಎಲೆ ಜೋತುಬಿದ್ದರೆ ಗಾಬರಿ ಬೇಡ, ತುದಿ ಎದ್ದು ನಿಂತರೆ ಬೇರು ಹಿಡಿದಿದೆ.

ಮುಂದಿನ ಐದಾರು ವಾರದಲ್ಲಿ ಬೆಳೆಯ ಹಣೆಬರಹ ಬರೆದಾಗಿರುತ್ತದೆ. ಯಾವ ಬೇರು ಗೆಡ್ಡೆಯಾಗಬೇಕು, ಯಾವುದು ಬರೀ ಬೇರಾಗಿ ಉಳಿಯಬೇಕು ಎಂಬುದು ಆಗಲೇ ತೀರ್ಮಾನವಾಗುತ್ತದೆ. ಈ ಹೊತ್ತಿನಲ್ಲಿ ಮಣ್ಣು ಒಣಗಿ ಗಟ್ಟಿಯಾದರೂ, ಉಸಿರಾಡದಷ್ಟು ನೀರು ನಿಂತರೂ ಬೇರು ಪೆನ್ಸಿಲ್ ದಪ್ಪಕ್ಕೇ ನಿಲ್ಲುತ್ತದೆ. ಆಮೇಲೆ ಎಷ್ಟು ಆರೈಕೆ ಮಾಡಿದರೂ ಅದು ಊದುವುದಿಲ್ಲ. ಮಳೆ ಬಿಟ್ಟರೆ ಎರಡು ಮೂರು ದಿನಕ್ಕೊಮ್ಮೆ ನೀರು ಹಾಕಿ, ಜೋರು ಮಳೆ ಬಂದ ದಿನ ಕಾಲುವೆ ಬಿಡಿಸಿ. ಬಳ್ಳಿ ಹಬ್ಬಿದ ಮೇಲೆ ವಾರಕ್ಕೊಂದು ನೀರು ಸಾಕು. ತಿಂಗಳುಗಟ್ಟಲೆ ಒಣಗಿಸಿ ಒಮ್ಮೆಲೇ ಹುಯ್ದರೆ ಗೆಡ್ಡೆ ಸೀಳುತ್ತದೆ.

ಹದಿನೈದನೇ ದಿನ ಮತ್ತು ತಿಂಗಳಿಗೆ ಕಳೆ ತೆಗೆದು ಮಣ್ಣೇರಿಸಿ. ಆಮೇಲೆ ಬಳ್ಳಿಯೇ ನೆಲ ಮುಚ್ಚಿ ಕಳೆಯನ್ನು ಅಡಗಿಸುತ್ತದೆ. ಬಳ್ಳಿ ಕಾಲುವೆಯಲ್ಲಿ ಅಲ್ಲಲ್ಲಿ ಬೇರು ಬಿಟ್ಟರೆ ಅಲ್ಲೆಲ್ಲ ಕಿರುಗೆಡ್ಡೆ ಕಟ್ಟಿ ಬುಡದ ಗೆಡ್ಡೆ ಸಣ್ಣದಾಗುತ್ತದೆ. ಮೂರು ವಾರಕ್ಕೊಮ್ಮೆ ಬಳ್ಳಿಯನ್ನು ಮೆಲ್ಲಗೆ ಎತ್ತಿ ಆ ಬೇರು ಬಿಡಿಸಿ ಅಲ್ಲೇ ಇಡಿ. ಮಗುಚಿ ಹಾಕಬೇಡಿ, ತಿರುವಿಬಿದ್ದ ಎಲೆ ಮತ್ತೆ ಬಿಸಿಲಿಗೆ ಮುಖ ಮಾಡಲು ವಾರ ಬೇಕು. ಎಳೆ ಕುಡಿ ಪಲ್ಯಕ್ಕೆ ಚೆನ್ನ, ಒಂದು ಬಳ್ಳಿಯಿಂದ ಎರಡು ಕುಡಿ ಚಿವುಟಿದರೆ ನಷ್ಟವಿಲ್ಲ.

ಮೂತಿಹುಳು, ಹೆಗ್ಗಣ, ಹಂದಿ

ಮೂತಿಹುಳು ಇರುವೆಯಂತೆ ಕಾಣುವ ಸಣ್ಣ ಕೀಟ: ತಲೆ ಮತ್ತು ಹಿಂಭಾಗ ನೀಲಿಗಪ್ಪು, ನಡು ಮತ್ತು ಕಾಲು ಕೆಂಪು. ಬಳ್ಳಿಯ ಬುಡದಲ್ಲಿ ಮತ್ತು ಗೆಡ್ಡೆಯಲ್ಲಿ ಮೊಟ್ಟೆ ಇಡುತ್ತದೆ. ಮರಿ ಕೊರೆದ ಗೆಡ್ಡೆ ಕಹಿಯಾಗುತ್ತದೆ, ಬೇಯಿಸಿದರೂ ಆ ಕಹಿ ಹೋಗದು. ಅದನ್ನು ದನಕ್ಕೂ ಹಾಕಬಾರದು, ಅದರಲ್ಲಿ ವಿಷದ ಅಂಶ ಸೇರಿರುತ್ತದೆ. ಈ ಕೀಟಕ್ಕೆ ನೆಲ ತೋಡಿ ಇಳಿಯುವ ಶಕ್ತಿಯಿಲ್ಲ, ಮಣ್ಣಿನ ಬಿರುಕೇ ಅದರ ದಾರಿ. ಹಾಗಾಗಿ ಕಾಟ ಜೋರಾಗುವುದು ಮಳೆಯಲ್ಲಲ್ಲ, ಡಿಸೆಂಬರಿನಲ್ಲಿ ಗೆಡ್ಡೆ ಊದಿ ಏರಿ ಬಾಯಿ ಬಿಟ್ಟಾಗ. ಎರಡು ತಿಂಗಳಾದಾಗ ಇನ್ನೊಮ್ಮೆ ಮಣ್ಣೇರಿಸಿ, ಏರಿಯ ಮೇಲೆ ದರಗು ಹಾಸಿ, ಬಿರುಕು ಬಿಡದಷ್ಟು ತೇವ ಇಡಿ. ಗಂಡು ಹುಳುವನ್ನು ಸೆಳೆಯುವ ಮೋಹಕ ಬಲೆ ಸಿಕ್ಕರೆ ಹಿತ್ತಲಿಗೆ ಒಂದೇ ಸಾಕು. ಕಿತ್ತ ಮೇಲೆ ಹುಳುಕು ಗೆಡ್ಡೆ, ಬುಡದ ಬಳ್ಳಿ ಒಂದನ್ನೂ ನೆಲದಲ್ಲಿ ಬಿಡದೆ ಸುಡಿ. ಮರುವರ್ಷ ಅದೇ ಜಾಗದಲ್ಲಿ ಅಲಸಂದೆಯನ್ನೋ ಬೆಂಡೆಯನ್ನೋ ಹಾಕಿ.

ಹೆಗ್ಗಣಕ್ಕೆ ಏರಿಯ ಸುತ್ತ ಕಳೆ, ಕಟ್ಟಿಗೆ ರಾಶಿ ಇಲ್ಲದಂತೆ ನೋಡಿಕೊಳ್ಳುವುದೇ ಪರಿಹಾರ. ಕಾಡಂಚಿನ ಮನೆಯಾದರೆ ಕಾಡುಹಂದಿ, ಮುಳ್ಳುಹಂದಿ ಒಂದೇ ರಾತ್ರಿಗೆ ಮುಗಿಸುತ್ತವೆ. ಅಂಥ ಕಡೆ ನೆಲದ ಆಸೆ ಬಿಟ್ಟು ಅಂಗಳದಲ್ಲಿ ಚೀಲದಲ್ಲೇ ಬೆಳೆಯಿರಿ: ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕಾಂಪೋಸ್ಟ್, ಚೀಲಕ್ಕೆ ಎರಡೇ ಕುಡಿ. ಶಿವಮೊಗ್ಗದ ತಾರಸಿ ಮನೆಗಳಿಗೂ ಇದೇ ದಾರಿ, ಆದರೆ ಅಲ್ಲಿ ಚೀಲ ಬೇಗ ಒಣಗುವುದರಿಂದ ದಿನಾ ನೀರು ಬೇಕು.

ಕೀಳುವುದು

ಬುಡದ ಎಲೆ ಹಳದಿಯಾದ ಮೇಲೆ ಒಂದು ಗೆಡ್ಡೆ ತೆಗೆದು ಕೊಯ್ದು ನೋಡಿ. ಒಸರಿದ ಹಾಲು ಬಿಳಿಯಾಗಿಯೇ ಒಣಗಿದರೆ ಬಲಿತಿದೆ, ಕೊಯ್ದ ಜಾಗ ಹಸಿರುಗಪ್ಪಾದರೆ ಇನ್ನೂ ಹತ್ತು ದಿನ ಬಿಡಿ. ತೀರಾ ಬಿಟ್ಟರೆ ನಾರು ಹೆಚ್ಚುತ್ತದೆ, ಹುಳುವಿಗೂ ಸಮಯ ಸಿಗುತ್ತದೆ. ಕೀಳುವ ನಾಲ್ಕೈದು ದಿನ ಮೊದಲು ಬಳ್ಳಿ ಕೊಯ್ದು, ಎರಡು ದಿನ ಮೊದಲು ಸ್ವಲ್ಪ ನೀರು ಹಾಯಿಸಿದರೆ ಮಣ್ಣು ಸಡಿಲವಾಗುತ್ತದೆ. ಗುದ್ದಲಿಯನ್ನು ಏರಿಯ ನೆತ್ತಿಗೆ ಹಾಕಬೇಡಿ, ಪಕ್ಕದಿಂದ ಮಣ್ಣು ಬಿಡಿಸಿ ಕೈಯಲ್ಲಿ ಎತ್ತಿ. ನೂರು ಚದರಡಿಯಲ್ಲಿ 10 ಕಿಲೋ ಬಂದರೆ ಸಾಧಾರಣ, 18 ಕಿಲೋ ಬಂದರೆ ಒಳ್ಳೆಯ ಬೆಳೆ.

ಕಿತ್ತ ದಿನವೇ ಬೇಯಿಸಿ ಸಪ್ಪೆ ಎನ್ನುವವರಿದ್ದಾರೆ. ಗೆಡ್ಡೆ ಮಾಗಬೇಕು. ತೊಳೆಯದೆ, ಮಣ್ಣು ಮಾತ್ರ ಉದುರಿಸಿ, ಬೆಚ್ಚಗಿನ ಕೋಣೆಯಲ್ಲಿ ಒಂದೇ ಪದರ ಹರಡಿ ನಸು ಒದ್ದೆ ಗೋಣಿ ಹೊದಿಸಿ ಒಂದು ವಾರ ಇಡಿ. ಸಿಪ್ಪೆಯ ಗಾಯ ಆರುತ್ತದೆ. ಆಮೇಲೆ ಗಾಳಿಯಾಡುವ ಬುಟ್ಟಿಯಲ್ಲಿ ಅಟ್ಟದ ಮೇಲಿಟ್ಟರೆ ಎರಡು ಮೂರು ವಾರದಲ್ಲಿ ಪಿಷ್ಟ ಸಕ್ಕರೆಯಾಗುತ್ತ ಸಿಹಿ ಏರುತ್ತದೆ. ಸಂಕ್ರಾಂತಿಯ ದಿನಕ್ಕೇ ಸಿಹಿ ಬೇಕೆಂದರೆ ಅಷ್ಟು ದಿನ ಮುಂಚೆ ನೆಟ್ಟಿರಬೇಕು. ಇಲ್ಲವೇ ಬಚ್ಚಲೊಲೆಯ ಬಿಸಿ ಬೂದಿಯಲ್ಲಿ ನಿಧಾನಕ್ಕೆ ಸುಡಿ. ಕುಕ್ಕರಿನಲ್ಲಿ ಬೇಗ ಬೆಂದದ್ದಕ್ಕಿಂತ ನಿಧಾನವಾಗಿ ಬಿಸಿ ಏರಿದ ಗೆಣಸೇ ಹೆಚ್ಚು ಸಿಹಿ, ಪಿಷ್ಟ ಸಕ್ಕರೆಯಾಗಲು ಅದಕ್ಕೆ ಹೊತ್ತು ಸಿಕ್ಕಿರುತ್ತದೆ.

ಮುಂದಿನ ವರ್ಷದ ಹತ್ತು ಹನ್ನೆರಡು ಕುಡಿಯನ್ನು ಬಳ್ಳಿ ಕೊಯ್ದ ಸಂಜೆಯೇ ಬಚ್ಚಲ ಪಕ್ಕ ಊರಿಬಿಡಿ. ಎರಡು ದಿನ ಬಿಸಿಲಿಗೆ ಬಿದ್ದ ಬಳ್ಳಿ ಕೊಟ್ಟಿಗೆಗೇ ಸರಿ.