ಬಾಳೆಹಣ್ಣಿನ ಡಿಎನ್‌ಎ, ಕಾಫಿ ತೊಟ್ಟಿಯ ಲೋಳೆ

ಚಿಕ್ಕಮಗಳೂರಿನ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ಮೊದಲ ವರ್ಷದವರಿಗೆ ಬಯೋಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಮೊದಲ ಪ್ರಾಕ್ಟಿಕಲ್‌ಗೆ ಸುಮಾರು ವರ್ಷ ಒಂದೇ ಪ್ರಯೋಗ ಇಟ್ಟುಕೊಂಡಿದ್ದೆ. ಬಾಳೆಹಣ್ಣಿನಿಂದ ಡಿಎನ್‌ಎ ತೆಗೆಯುವುದು. ಖರ್ಚಿಲ್ಲ, ಮಕ್ಕಳಿಗೆ ಖುಷಿ, ಮೊಬೈಲಿನಲ್ಲಿ ಫೋಟೋ ಚೆನ್ನಾಗಿ ಬರುತ್ತದೆ.

ಮಾಡುವುದು ಸುಲಭ. ಕಳಿತ ಪುಟ್ಟಬಾಳೆ ಹಣ್ಣು ಒಂದನ್ನು ಕಿವುಚಿ, ಅರ್ಧ ಲೋಟ ನೀರು, ಅರ್ಧ ಚಮಚ ಉಪ್ಪು, ಎರಡು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಬೇಕು. ನೊರೆ ಏಳದ ಹಾಗೆ ಕಲಸಿ, ಹತ್ತು ನಿಮಿಷ ಬಿಟ್ಟು, ಬಟ್ಟೆಯಲ್ಲಿ ಸೋಸಬೇಕು. ಸೋಸಿದ ನೀರಿನ ಮೇಲೆ ಫ್ರೀಜರ್‌ನಲ್ಲಿಟ್ಟ ಆಲ್ಕೊಹಾಲನ್ನು ಟ್ಯೂಬಿನ ಒಳಬದಿಯಿಂದ ಮೆಲ್ಲಗೆ ಇಳಿಸಿದರೆ, ಎರಡೂ ಸೇರುವ ಜಾಗದಲ್ಲಿ ಬಿಳಿ ಬಿಳಿಯಾಗಿ ಏನೋ ಏಳುತ್ತದೆ. ಹತ್ತಿ ನೆನೆಸಿದ ಹಾಗೆ.

ಯಾಕೆ ಹಾಗಾಗುತ್ತದೆ ಎಂದು ನಾನು ಹೇಳುತ್ತಿದ್ದದ್ದು ಇಷ್ಟು. ಜೀವಕೋಶದ ಪೊರೆ ಮುಖ್ಯವಾಗಿ ಕೊಬ್ಬಿನದು. ಎಣ್ಣೆ ಪಾತ್ರೆಯ ಜಿಡ್ಡು ಬಿಡಿಸುವ ಸೋಪು ಅದನ್ನೂ ಒಡೆಯುತ್ತದೆ. ಡಿಎನ್‌ಎಯ ಉದ್ದಕ್ಕೂ ಫಾಸ್ಫೇಟ್‌ಗಳಿವೆ. ಅವೆಲ್ಲ ಋಣ ವಿದ್ಯುದಂಶದವು, ಆದ್ದರಿಂದ ಒಂದನ್ನೊಂದು ದೂರ ತಳ್ಳುತ್ತವೆ, ನೀರಿನ ಜೊತೆ ಸುಖವಾಗಿರುತ್ತವೆ. ಉಪ್ಪಿನ ಸೋಡಿಯಂ ಬಂದು ಆ ಜಗಳ ಬಿಡಿಸುತ್ತದೆ. ಆಲ್ಕೊಹಾಲ್ ಬಂದಾಗ ನೀರಿನ ಆಸರೆಯೂ ತಪ್ಪಿ ಎಳೆಗಳು ಗುಂಪಾಗಿ ಹೊರಗೆ ಬೀಳುತ್ತವೆ. ಈ ವಿವರಣೆಯಲ್ಲಿ ತಪ್ಪೇನೂ ಇಲ್ಲ. ಆಮೇಲೆ "ನೋಡಿ, ಇದೇ ಡಿಎನ್‌ಎ" ಅನ್ನುತ್ತಿದ್ದೆನಲ್ಲ, ಎಡವಟ್ಟು ಅಲ್ಲಿತ್ತು.

ಒಂದು ಡಿಸೆಂಬರ್‌ನಲ್ಲಿ ಆಲ್ದೂರು ಕಡೆಯ ಹುಡುಗಿಯೊಬ್ಬಳು ಗಾಜಿನ ಕಡ್ಡಿಯಲ್ಲಿ ಆ ಬಿಳಿಯನ್ನು ಎತ್ತಿ ಹಿಡಿದು ನೋಡಿದಳು. "ಸರ್, ಇದು ನಮ್ಮನೆ ಪಲ್ಪರ್ ತೊಟ್ಟಿಯ ಲೋಳೆ ತರಾನೇ ಇದೆಯಲ್ಲ?" ಅಂದಳು. ಎಲ್ಲರೂ ನಕ್ಕರು. "ಇಲ್ಲಮ್ಮ, ಅದೇ ಬೇರೆ ಇದೇ ಬೇರೆ" ಎಂದು ನಾನೂ ಸಾಗಹಾಕಿದೆ.

ಬಸ್ಸಿನಲ್ಲಿ ಮನೆಗೆ ಹೋಗುವಾಗ ಸಮಾಧಾನ ಇರಲಿಲ್ಲ. ಕಾಫಿ ಹಣ್ಣನ್ನು ಪಲ್ಪ್ ಮಾಡಿದ ಮೇಲೆ, ಅಂದರೆ ಯಂತ್ರದಲ್ಲಿ ಸಿಪ್ಪೆ ಬಿಡಿಸಿದ ಮೇಲೆ, ಬೀಜಕ್ಕೆ ಅಂಟಿಕೊಂಡಿರುತ್ತದಲ್ಲ ಲೋಳೆ, ಅದರಲ್ಲಿ ಇರುವುದು ಪೆಕ್ಟಿನ್, ಜಾಮನ್ನು ಗಟ್ಟಿಯಾಗಿಸುವ ವಸ್ತು. ಬಾಳೆಹಣ್ಣಿನಲ್ಲೂ ಪೆಕ್ಟಿನ್ ಇದೆ. ಪೆಕ್ಟಿನ್ ಕೂಡ ಉದ್ದನೆಯ ಸರಪಳಿ, ಅದಕ್ಕೂ ಋಣ ವಿದ್ಯುದಂಶ ಇದೆ, ಅದೂ ಆಲ್ಕೊಹಾಲ್‌ನಲ್ಲಿ ಹೊರಗೆ ಬೀಳುತ್ತದೆ. ಜಾಮ್ ಮಾಡುವವರು ಹಣ್ಣಿನಲ್ಲಿ ಪೆಕ್ಟಿನ್ ಎಷ್ಟಿದೆ ಎಂದು ನೋಡುವುದೇ ರಸಕ್ಕೆ ಆಲ್ಕೊಹಾಲ್ ಹಾಕಿ. ಹಾಗಾದರೆ ಇಷ್ಟು ವರ್ಷ ಮಕ್ಕಳು ಫೋಟೋ ತೆಗೆದುಕೊಂಡು ಹೋದದ್ದು ಯಾವುದರದ್ದು?

ಮರುದಿನ ಅವಳನ್ನು ಕರೆದು, "ನಿಮ್ಮನೆ ಲೋಳೆ ಒಂದು ಬಾಟಲಿ ತಗೊಂಡು ಬಾಮ್ಮ" ಅಂದೆ. ತಂದಳು. ಸೋಸಿ, ಸೋಪೂ ಇಲ್ಲದೆ ಬರೀ ಆಲ್ಕೊಹಾಲ್ ಸುರಿದೆವು. ಬಾಳೆಹಣ್ಣಿಗಿಂತ ದಪ್ಪನೆಯ ಬಿಳಿ ಮುದ್ದೆ ಎದ್ದಿತು! ಕ್ಲಾಸಿಗೆ ಕ್ಲಾಸೇ ಸುಮ್ಮನಾಯಿತು. ನಾನಂತೂ ಮೊದಲೇ ಸುಮ್ಮನಾಗಿದ್ದೆ.

ಇದೇ ಅನುಮಾನ ಡಿಎನ್‌ಎಯನ್ನು ಮೊದಲು ಬೇರ್ಪಡಿಸಿದವನಿಗೂ ಬಂದಿತ್ತು. 1869ರಲ್ಲಿ ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಫ್ರೀಡ್ರಿಕ್ ಮೀಷರ್ ಆಸ್ಪತ್ರೆಯ ಬ್ಯಾಂಡೇಜುಗಳ ಕೀವಿನಿಂದ ಒಂದು ವಸ್ತು ತೆಗೆದ. ಅದೂ ಒಂದು ಪ್ರೋಟೀನೇ ಇರಬಹುದಲ್ಲ? ಹಂದಿಯ ಹೊಟ್ಟೆಯಿಂದ ತೆಗೆದ ಪೆಪ್ಸಿನ್ ಹಾಕಿದ. ಪ್ರೋಟೀನ್ ಆಗಿದ್ದರೆ ಜೀರ್ಣವಾಗಬೇಕಿತ್ತು, ಆಗಲಿಲ್ಲ. ಅದರಲ್ಲಿ ಫಾಸ್ಫರಸ್ ಜಾಸ್ತಿ ಇರುವುದನ್ನೂ ಕಂಡ. ಆಮೇಲೆಯೇ ಅದಕ್ಕೆ ನ್ಯೂಕ್ಲಿಯಿನ್ ಎಂದು ಹೆಸರಿಟ್ಟದ್ದು. ನಾನು ಮೀಷರನ ಹೆಸರನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಅವನು ಪಟ್ಟ ಅನುಮಾನವನ್ನು ಮಾತ್ರ ಹೇಳಿಯೇ ಇರಲಿಲ್ಲ.

ಪ್ರಾಣಿಗಳ ಕೋಶದಲ್ಲಿ ಪೆಕ್ಟಿನ್ ಇರುವುದಿಲ್ಲ. ಅದಕ್ಕೇ ಮೂರನೆಯ ಟ್ಯೂಬಿಗೆ ಕುರಿ ಲಿವರ್ ತಂದೆ. (ಮುಟ್ಟದವರಿಗೆ ರಾತ್ರಿ ನೆನೆಸಿದ ಒಣ ಬಟಾಣಿ ಕೊಟ್ಟೆ.) ಆದರೆ ಲಿವರ್‌ನಲ್ಲಿ ಗ್ಲೈಕೋಜನ್ (ದೇಹ ಕೂಡಿಡುವ ಸಕ್ಕರೆಯ ಸರಪಳಿ) ತುಂಬಿರುತ್ತದೆ, ಅದೂ ಆಲ್ಕೊಹಾಲ್‌ಗೆ ಹೆದರಿ ಬೀಳುವ ಜಾತಿಯೇ. ಕಣ್ಣಿಗೆ ಬಿಳಿ ಕಂಡರೆ ಸಾಲದು ಎನ್ನುವುದು ಆಗ ಪೂರ್ತಿ ಅರ್ಥವಾಯಿತು. ಡಿಎನ್‌ಎಯಲ್ಲಿ ಇದ್ದು ಉಳಿದವುಗಳಲ್ಲಿ ಇಲ್ಲದ ಒಂದನ್ನು ಹಿಡಿಯಬೇಕು. ಅದು ಡಿಆಕ್ಸಿರೈಬೋಸ್ ಸಕ್ಕರೆ.

ಅದಕ್ಕೆ ಹಳೆಯ ಪರೀಕ್ಷೆ ಇದೆ, ಡೈಫಿನೈಲಮೈನ್. ಆಸಿಡ್ ಬೆರೆಸಿದ ಈ ದ್ರಾವಣದ ಜೊತೆ ಡಿಎನ್‌ಎಯನ್ನು ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಇಟ್ಟರೆ ನೀಲಿ ಬಣ್ಣ ಬರುತ್ತದೆ. ಅದರ ಆಸಿಡ್ ಗಟ್ಟಿ, ಹೊಗೆ ಕೆಟ್ಟದ್ದು. ಆದ್ದರಿಂದ ಈ ಭಾಗ ನಾನೇ ಮಾಡುತ್ತೇನೆ, ಮಕ್ಕಳು ದೂರದಿಂದ ನೋಡುತ್ತಾರೆ. ಮೊದಲ ಸಲ ಎಲ್ಲಾ ಟ್ಯೂಬಿನಲ್ಲೂ ಗಲೀಜು ಬಣ್ಣ ಬಂತು. ಹಣ್ಣಿನ ಸಕ್ಕರೆಯನ್ನು ತೊಳೆಯದೇ ಹಾಗೇ ಇಟ್ಟಿದ್ದೆ, ಬೇರೆ ಸಕ್ಕರೆಗಳೂ ಬಿಸಿ ಆಸಿಡ್‌ನಲ್ಲಿ ಬಣ್ಣ ಬಿಡುತ್ತವೆ. ಎರಡನೆಯ ಸಲ ಬಿಳಿಯನ್ನು 70% ಆಲ್ಕೊಹಾಲ್‌ನಲ್ಲಿ ಎರಡು ಬಾರಿ ತೊಳೆದೆ. ಈಗ ಲಿವರ್ ಟ್ಯೂಬು ಚೆನ್ನಾಗಿ ನೀಲಿಯಾಯಿತು. ಕಾಫಿ ಲೋಳೆಯದ್ದು ನೀಲಿಯಾಗಲೇ ಇಲ್ಲ. ಬಾಳೆಹಣ್ಣಿನದ್ದು ತೆಳು ನೀಲಿ. ಅಂದರೆ ಡಿಎನ್‌ಎ ಇತ್ತು, ಆದರೆ ನಾವು ಕಡ್ಡಿಯಲ್ಲಿ ಎತ್ತಿ ಹಿಡಿದದ್ದರಲ್ಲಿ ಹೆಚ್ಚು ಪಾಲು ಬೇರೆಯದೇ ಇತ್ತು.

ಆ ವರ್ಷ ಪಾಠ ಇಲ್ಲಿಗೇ ನಿಲ್ಲಲಿಲ್ಲ. ತೊಟ್ಟಿಯ ವಿಷಯ ಎತ್ತಿದರೆ ನನಗಿಂತ ಅವರಿಗೇ ಜಾಸ್ತಿ ಗೊತ್ತು. ಅರೇಬಿಕಾ ಕಾಫಿ ಆದರೆ ಬೀಜದ ಲೋಳೆ ಕರಗಲಿ ಎಂದು 24ರಿಂದ 36 ಗಂಟೆ ತೊಟ್ಟಿಯಲ್ಲಿ ಬಿಡುತ್ತಾರೆ. ಆಮೇಲೆ ಒಂದು ಹಿಡಿ ಬೀಜ ತೊಳೆದು ಕೈಯಲ್ಲಿ ಉಜ್ಜಿ ನೋಡುತ್ತಾರೆ. ಜಾರಿದರೆ ಇನ್ನೂ ಆಗಿಲ್ಲ, ಮರಳಿನ ಹಾಗೆ ಗರಗರ ಅಂದರೆ ಆಯಿತು. "ಚಳಿ ಜಾಸ್ತಿ ಇದ್ರೆ ನಮ್ಮಪ್ಪ ಇನ್ನೊಂದು ರಾತ್ರಿ ಬಿಡ್ತಾರೆ ಸರ್" ಅಂದ ಹಿಂದಿನ ಬೆಂಚಿನ ಹುಡುಗ. ಕಿಣ್ವದ ವೇಗ ಉಷ್ಣತೆಯ ಮೇಲೆ ನಿಂತಿದೆ ಎನ್ನುವುದನ್ನು ನಾನು ಗ್ರಾಫ್ ಬರೆದು ಹೇಳಲು ಒಂದು ಗಂಟೆ ತೆಗೆದುಕೊಳ್ಳುತ್ತಿದ್ದೆ.

ಲೋಳೆ ಕರಗಿಸುವ ಕಿಣ್ವಗಳು ಸ್ವಲ್ಪ ಹಣ್ಣಿನವೇ, ಉಳಿದವು ತೊಟ್ಟಿಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾ, ಯೀಸ್ಟ್‌ಗಳವು. ಕಿಣ್ವ ಎಂದರೆ ಪ್ರೋಟೀನ್. ಡಿಎನ್‌ಎಯಲ್ಲಿರುವ ಜೀನ್ ಆರ್‌ಎನ್‌ಎಗೆ ನಕಲಾಗುತ್ತದೆ, ಆರ್‌ಎನ್‌ಎಯ ಮೂರು ಮೂರು ಅಕ್ಷರಕ್ಕೆ ಒಂದೊಂದು ಅಮೈನೋ ಆಮ್ಲ ಸೇರಿ ಪ್ರೋಟೀನ್ ಆಗುತ್ತದೆ. ಅಲ್ಲಿಯವರೆಗೆ ಎಲ್ಲರೂ ಹೂಂ ಅಂದರು. ಆಗ ಆಲ್ದೂರಿನ ಹುಡುಗಿ ಮತ್ತೆ ಕೈ ಎತ್ತಿದಳು. "ಹಾಗಾದ್ರೆ ಪೆಕ್ಟಿನ್‌ಗೆ ಜೀನ್ ಎಲ್ಲಿದೆ ಸರ್?"

ನನ್ನ ಅನುಭವದಲ್ಲಿ ಈ ವಿಷಯ ಹೊಸದಾಗಿ ಕಲಿಯುವವರು ಮುಗ್ಗರಿಸುವ ಜಾಗ ಇದು. ಪೆಕ್ಟಿನ್‌ಗೆ ಅಂತ ಜೀನ್ ಇಲ್ಲ. ಅದು ಸಕ್ಕರೆಯ ಸರಪಳಿ, ಅದರ ಅಚ್ಚು ಡಿಎನ್‌ಎಯಲ್ಲಿ ಇರುವುದಿಲ್ಲ. ಇರುವುದು ಆ ಸಕ್ಕರೆಗಳನ್ನು ಪೋಣಿಸುವ ಕಿಣ್ವಗಳ ಜೀನ್. ಕೊಬ್ಬಿನ ಕಥೆಯೂ ಅಷ್ಟೇ. ಮನೆ ಕಟ್ಟುವ ಮೇಸ್ತ್ರಿಯ ವಿಳಾಸ ಬರೆದಿಟ್ಟಿದೆ, ಇಟ್ಟಿಗೆಯದ್ದಲ್ಲ ಅಂದೆ. ಉಪಮೆ ಅಷ್ಟೇನೂ ಚೆನ್ನಾಗಿಲ್ಲ, ಆದರೆ ಅವತ್ತು ಕೆಲಸ ಮಾಡಿತು.

ಅವಳು ಇನ್ನೊಂದು ಉಪಾಯವನ್ನೂ ಹೇಳಿದಳು. ಬಾಳೆಹಣ್ಣಿನ ಬಿಳಿಯ ಮೇಲೆ ತೊಟ್ಟಿಯ ಹುಳಿ ನೀರು ಹಾಕಿದರೆ ಪೆಕ್ಟಿನ್ ಕರಗಿ ಡಿಎನ್‌ಎ ಮಾತ್ರ ಉಳಿಯುವುದಿಲ್ಲವೇ? ನನಗೆ ಬಹಳ ಹಿಡಿಸಿತು. ತೊಂದರೆ ಏನೆಂದರೆ, ಆ ನೀರಿನಲ್ಲಿ ಡಿಎನ್‌ಎ ಕತ್ತರಿಸುವ ಕಿಣ್ವಗಳೂ ಇರಬಹುದು. ಎರಡೂ ಕರಗಿ ಹೋದರೆ ಏನು ಹೇಳುವುದು? ಅದಕ್ಕೆ ಪೆಕ್ಟಿನ್ ಮಾತ್ರ ಕತ್ತರಿಸುವ ಕಿಣ್ವ, ಶುದ್ಧ ಪೆಕ್ಟಿನೇಸ್ ಬೇಕು. ನಮ್ಮ ಲ್ಯಾಬಿನ ಬಜೆಟ್ ಅಲ್ಲಿಯವರೆಗೆ ಹೋಗಿಲ್ಲ.

ಈಗ ಬಾಳೆಹಣ್ಣು, ಲೋಳೆ, ಲಿವರ್ ಮೂರನ್ನೂ ಹೆಸರು ಬರೆಯದೆ ಸ್ಟ್ಯಾಂಡಿನಲ್ಲಿ ಇಡುತ್ತೇನೆ. ಯಾವುದರಲ್ಲಿ ಡಿಎನ್‌ಎ ಎಷ್ಟು ಎಂದು ಮೊದಲು ಕಣ್ಣಿನಿಂದ ಹೇಳಿ, ಆಮೇಲೆ ಬಣ್ಣ ನೋಡಿ ಅನ್ನುತ್ತೇನೆ. ಹೆಚ್ಚಿನವರು ಲೋಳೆಗೇ ಮೊದಲ ಸ್ಥಾನ ಕೊಡುತ್ತಾರೆ. ಕೊಯ್ಲಿನ ಕಾಲದಲ್ಲಿ ಯಾರಾದರೂ ಒಬ್ಬರು ನೀರಿನ ಬಾಟಲಿಯಲ್ಲಿ ಲೋಳೆ ತರುತ್ತಾರೆ. ಮುಚ್ಚಳ ಸ್ವಲ್ಪ ಸಡಿಲ ಬಿಡಿ ಎಂದು ಹಿಂದಿನ ದಿನವೇ ಹೇಳಿರುತ್ತೇನೆ. ಹೋದ ವರ್ಷ ಒಬ್ಬ ಬಿಗಿಯಾಗಿ ಮುಚ್ಚಿ ತಂದಿದ್ದ. ಕೈಮರ ದಾಟುವಾಗ ಬಸ್ಸಿನಲ್ಲಿ ಮುಚ್ಚಳ ಹಾರಿ, ಮುಂದಿನ ಸೀಟಿನ ಅಜ್ಜಿಯ ಸೆರಗೆಲ್ಲ ಲೋಳೆಯಾಗಿತ್ತಂತೆ.